ಲಕ್ವ ಹೊಡೆಯುವ ಮುನ್ನ, ಹೊಡೆದ ಗಳಿಗೆಯಲ್ಲಿ

ಸಂಘದ ಕಾರ್ಯದರ್ಶಿಯ ಮೇಜಿಗೆ ಬರುವ ಕಾಗದಗಳಲ್ಲಿ ಸದಸ್ಯರ ಬಾಳಿನ ಏರಿಳಿತಗಳೆಲ್ಲ ಕಾಣುತ್ತವೆ. ಮಗಳ ಮದುವೆಗೆಂದು ಮುಂಗಡದ ಅರ್ಜಿ, ಅಣ್ಣತಮ್ಮಂದಿರು ಪಾಲಾದರೆಂದು ಖಾತೆ ವಿಂಗಡಣೆ, ತಂದೆ ತೀರಿಕೊಂಡರೆಂದು ಷೇರು ವರ್ಗಾವಣೆ. ಇವುಗಳ ನಡುವೆ ಆಗಾಗ್ಗೆ ಇನ್ನೊಂದು ಬಗೆಯ ಕಾಗದವೂ ಬರುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಂಡಗೆ ಸಹಿ ಹಾಕುತ್ತ ಬಂದ ಸದಸ್ಯರು, ಇನ್ನು ಮುಂದೆ ತಮ್ಮ ಎಡಗೈ ಹೆಬ್ಬೆಟ್ಟಿನ ಗುರುತನ್ನೇ ಸಹಿಯೆಂದು ಭಾವಿಸಬೇಕೆಂದು ಯಾರಿಂದಲೋ ಬರೆಸಿ ಕಳುಹಿಸಿರುತ್ತಾರೆ. ಕಾರಣ ಕೇಳಬೇಕಾಗಿಲ್ಲ. ಬಲಗೈ ಬಿದ್ದುಹೋಗಿದೆ.

ಇಂಥ ಕಾಗದ ತಂದವರನ್ನು ನಾವು ಎರಡು ಪ್ರಶ್ನೆ ಕೇಳುವುದುಂಟು. ಶುರುವಾದದ್ದು ಎಷ್ಟು ಹೊತ್ತಿಗೆ? ಆಸ್ಪತ್ರೆ ಮುಟ್ಟಿದ್ದು ಎಷ್ಟು ಹೊತ್ತಿಗೆ? ಉತ್ತರ ಹೆಚ್ಚುಕಡಿಮೆ ಒಂದೇ. "ಸಂಜೆ ಶುರುವಾಯ್ತು ಸಾರ್, ಕತ್ತಲಲ್ಲಿ ಎಲ್ಲಿಗೆ ಅಂತ ಹೋಗೋದು, ಬೆಳಗಾಗಲಿ ಅಂತ ಕಾದ್ವಿ." ಈ ಲೇಖನ ಬರೆಯಲು ಆ ಉತ್ತರವೇ ಕಾರಣ. ನಾವು ವೈದ್ಯರಲ್ಲ. ಆದರೆ ಬಲ್ಲ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಓದಿ ಮನದಟ್ಟಾದದ್ದನ್ನೂ ಸದಸ್ಯ ಬಾಂಧವರ ಮುಂದಿಡುವುದು, ಗೊಬ್ಬರದ ದರಪಟ್ಟಿಯನ್ನು ಅಚ್ಚು ಹಾಕಿಸುವಷ್ಟೇ ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಲಕ್ವ, ಪಾರ್ಶ್ವವಾಯು, ಪಕ್ಷಾಘಾತ ಎಂದು ಹೆಸರು ಹಲವು. ಹೆಸರಿನಲ್ಲಿ 'ವಾಯು' ಸೇರಿಕೊಂಡದ್ದರಿಂದಲೋ ಏನೋ, ಇದು ಕೈಕಾಲಿನ ರೋಗ, ಗಾಳಿ ಹೊಕ್ಕಿದ್ದರಿಂದ ಆದದ್ದು, ಎಣ್ಣೆ ಹಚ್ಚಿ ತಿಕ್ಕಿದರೆ ಇಳಿಯುವಂಥದ್ದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೈಯಲ್ಲಿ ಏನೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಮೆದುಳು. ತೋಟದ ಮೂಲೆಯ ಸ್ಪ್ರಿಂಕ್ಲರ್ ತಿರುಗುತ್ತಿಲ್ಲವೆಂದರೆ ಸ್ಪ್ರಿಂಕ್ಲರನ್ನೇ ಬಿಚ್ಚಿ ಒರೆಸುತ್ತ ಕೂರುವವನು ಜಾಣನಲ್ಲ. ನೀರು ಬರುವ ಪೈಪನ್ನು ನೋಡಬೇಕು. ಪೈಪಿನಲ್ಲಿ ಕಸ ಕಟ್ಟಿರಬಹುದು, ಇಲ್ಲವೆ ಪೈಪೇ ಒಡೆದಿರಬಹುದು. ಲಕ್ವದಲ್ಲಿಯೂ ಈ ಎರಡು ಬಗೆಗಳೇ. ಹೆಚ್ಚಿನವರಲ್ಲಿ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ಹರಿಯುವುದಿಲ್ಲ. ಉಳಿದವರಲ್ಲಿ ನಾಳ ಒಡೆದು ಮೆದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಸೋರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರ. ಎಂಥ ಅನುಭವಿ ವೈದ್ಯರೇ ಆಗಲಿ, ಬರಿಗಣ್ಣಿನಿಂದ ಇದು ಹೆಪ್ಪು, ಇದು ಸೋರಿಕೆ ಎಂದು ಖಚಿತವಾಗಿ ಹೇಳಲಾರರು. ಅದನ್ನು ಹೇಳಬಲ್ಲದ್ದು ತಲೆಯ ಸ್ಕ್ಯಾನ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸಿ.ಟಿ. ಯಂತ್ರದಿಂದ ನೋಡಲಾಯಿತು. ಅಲ್ಲಿಯವರೆಗೆ ಬದುಕಿರುವವರ ತಲೆಯೊಳಗೆ ಹೆಪ್ಪೋ ಸೋರಿಕೆಯೋ ಎಂದು ಹೀಗೆ ನೇರವಾಗಿ ಕಾಣುವ ಉಪಾಯವೇ ಇರಲಿಲ್ಲ. ಇಂದು ಅದು ಕೆಲವೇ ನಿಮಿಷಗಳ ಕೆಲಸ.

ಇಷ್ಟೊಂದು ಅವಸರ ಏಕೆ? ಮೆದುಳು ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಕಣಜದಲ್ಲಿ ಕೂಡಿಟ್ಟುಕೊಂಡು ಬದುಕುವ ಅಂಗ ಅದಲ್ಲ, ದಿನಗೂಲಿಯ ಮೇಲೆ ಬದುಕುವಂಥದ್ದು. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಮೆರಿಕದ ತಜ್ಞರೊಬ್ಬರು ಲೆಕ್ಕ ಹಾಕಿದ್ದಾರೆ. ಸತ್ತ ನರಕೋಶ ಮತ್ತೆ ಚಿಗುರುವುದಿಲ್ಲ. ಕಾಫಿ ಗಿಡವನ್ನಾದರೆ ಬುಡಕ್ಕೆ ಕಡಿದರೂ ಚಿಗುರು ಬಂದೀತು!

ಇನ್ನು ಗುರುತುಗಳ ಮಾತು. ಇವು ಥಟ್ಟನೆ ಬರುತ್ತವೆ, ಅದೇ ಮುಖ್ಯ ಲಕ್ಷಣ. ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚುವ ಮಂಡಿನೋವು, ಕುತ್ತಿಗೆನೋವುಗಳ ಜಾತಿಯಲ್ಲ. ಈಗ ತಾನೆ ಚೆನ್ನಾಗಿದ್ದವರ ಮುಖ ಒಂದು ಕಡೆಗೆ ವಾಲುತ್ತದೆ. ನಗಿರಿ ಎಂದರೆ ತುಟಿಯ ಒಂದು ಅಂಚು ಮೇಲೇಳುವುದಿಲ್ಲ, ಕುಡಿದ ಕಾಫಿ ಒಂದು ಕಟವಾಯಿಯಿಂದ ಸುರಿಯುತ್ತದೆ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿಕೊಳ್ಳಿ ಎಂದರೆ ಒಂದು ಕೈ ತಾನಾಗಿ ಕೆಳಗಿಳಿಯುತ್ತದೆ. ಮಾತು ತೊದಲುತ್ತದೆ, ಇಲ್ಲವೆ ಸ್ಪಷ್ಟವಾಗಿಯೇ ಬಂದರೂ ಅರ್ಥವಿಲ್ಲದ ಮಾತಾಗಿರುತ್ತದೆ, ಇಲ್ಲವೆ ನಾವು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ಮುಖ, ಕೈ, ಮಾತು ಎಂಬ ಈ ಮೂರನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು, ಹತ್ತು ವರ್ಷದ ಹುಡುಗನಿಗೂ ಕಲಿಸಬಹುದು. ಮೂರೂ ಇರಬೇಕೆಂದು ಕಾಯಬೇಡಿ, ಒಂದಿದ್ದರೂ ಹೊರಡಬೇಕು.

ಈ ಮೂರಕ್ಕೆ ಸಿಕ್ಕದ ಲಕ್ವವೂ ಉಂಟು. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗುವುದು, ಅಥವಾ ನೋಟದ ಅರ್ಧಭಾಗವೇ ಮಾಯವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಾಲಲ್ಲಿ ಬಲವಿದ್ದರೂ ನಡೆಯಹೋದರೆ ಒಂದೇ ಕಡೆಗೆ ಬೀಳುವಂತಾಗುವುದು. ಇವನ್ನು 'ಪಿತ್ತ' ಎಂದು ಶುಂಠಿ ಕಷಾಯ ಕುಡಿಸಿ ಮಲಗಿಸುವ ಮನೆಗಳೇ ಹೆಚ್ಚು. ತಲೆಗೆ ಸಿಡಿಲು ಬಡಿದಂತೆ, ಹಿಂದೆಂದೂ ಬರದಂಥ ತಲೆನೋವು ಕ್ಷಣಾರ್ಧದಲ್ಲಿ ಬಂದರೆ ನಾಳ ಒಡೆದಿದೆಯೆಂದೇ ಶಂಕಿಸಬೇಕು. ಎದೆನೋವಾದರೆ ನಮ್ಮವರು ಬೇಗ ಹೆದರುತ್ತಾರೆ. ಲಕ್ವದಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಅದರಿಂದಲೇ ತಾತ್ಸಾರ.

ಎಸ್ಟೇಟುಗಳಲ್ಲಿ ನಡೆಯುವ ಒಂದು ಅನ್ಯಾಯವನ್ನೂ ಇಲ್ಲಿ ಹೇಳಿಬಿಡುತ್ತೇವೆ. ಲೈನ್ ಮನೆಯ ಆಳು ತೊದಲುತ್ತ, ತೂರಾಡುತ್ತ ಬಂದರೆ 'ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾನೆ' ಎಂದು ರೈಟರು ಬೈದು ಅಟ್ಟುವುದು ವಾಡಿಕೆ. ಕುಡಿದವನ ಬಾಯಿ ಒಂದೇ ಕಡೆಗೆ ಸೊಟ್ಟಗಾಗುವುದಿಲ್ಲ, ಒಂದೇ ಕೈ ಜೋಲುವುದಿಲ್ಲ. ಬೈಯುವ ಮೊದಲು ಎರಡು ಕೈ ಎತ್ತಿಸಿ ನೋಡಿ. ಕುಡಿದವನಿಗೆ ಲಕ್ವ ಹೊಡೆಯಬಾರದೆಂದೇನೂ ಇಲ್ಲ.

ಈಗ ನಾವು ಅತಿ ಮುಖ್ಯವೆಂದು ಭಾವಿಸಿರುವ ವಿಷಯಕ್ಕೆ ಬರುತ್ತೇವೆ. ನಮ್ಮ ಸದಸ್ಯರೊಬ್ಬರು, ಐವತ್ತೆಂಟರ ಗಟ್ಟಿಮುಟ್ಟಾದ ಆಳು, ಕಾಫಿ ಕೊಯ್ಲಿನ ಭರದಲ್ಲಿ ಕಣದಲ್ಲಿ ನಿಂತು ಕಾಫಿ ಕೆದಕಿಸುತ್ತಿದ್ದರು. ಕೈಯಲ್ಲಿದ್ದ ಕೋಲು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಹೋದರೆ ಬೆರಳು ಮಡಚಲಿಲ್ಲ. ಮನೆಯವರನ್ನು ಕರೆಯಹೋದರೆ ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಹತ್ತು ನಿಮಿಷದಲ್ಲಿ ಕೈ ಸರಿಯಾಯಿತು, ಮಾತೂ ಸರಿಯಾಯಿತು. "ಬಿಸಿಲಿಗೆ ಜೋಮು ಹಿಡಿದಿತ್ತು ಕಣೇ, ಏನಿಲ್ಲ" ಎಂದು ಹೆಂಡತಿಗೆ ಸಮಾಧಾನ ಹೇಳಿ, ಅದೇ ಮಧ್ಯಾಹ್ನ ನಮ್ಮ ಡಿಪೋಗೆ ಚೀಲಗಳನ್ನು ತಂದು ತೂಕ ಹಾಕಿಸಿ, ನಗುತ್ತಲೇ ಈ ಕಥೆಯನ್ನು ಹೇಳಿದರು. ಆಸ್ಪತ್ರೆಗೆ ಹೋಗಿ ಬನ್ನಿ ಎಂದುದಕ್ಕೆ ಕೊಯ್ಲು ಮುಗಿಯಲಿ ಎಂದರು. ಮೂರನೆಯ ದಿನ ಬೆಳಿಗ್ಗೆ ಅವರು ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಈಗ ಐದು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಇಲ್ಲ. ತೋಟ ಗುತ್ತಿಗೆಗೆ ಹೋಗಿದೆ.

ಆ ಹತ್ತು ನಿಮಿಷದ ಜೋಮು ಏನಾಗಿತ್ತು? ಹೆಪ್ಪೊಂದು ನಾಳದಲ್ಲಿ ಸಿಕ್ಕಿ, ತಾನಾಗಿ ಕರಗಿಯೋ ಜಾರಿಯೋ ಮುಂದೆ ಹೋಗಿತ್ತು. ಇದಕ್ಕೆ ವೈದ್ಯರು ಟಿ.ಐ.ಎ. ಎನ್ನುತ್ತಾರೆ. ಬಂದು ಹೋದ ಲಕ್ವ ಎನ್ನೋಣ. ಹೆಪ್ಪು ಹೋಯಿತು, ಹೆಪ್ಪನ್ನು ಹುಟ್ಟಿಸಿದ ಜಾಗ ಎಲ್ಲಿಯೂ ಹೋಗಿಲ್ಲ. ಅದು ಕುತ್ತಿಗೆಯ ನಾಳದ ಒಳಗೋಡೆಯ ಕೊಬ್ಬಿನ ಗಂಟಾಗಿರಬಹುದು, ತಾಳ ತಪ್ಪಿ ಬಡಿಯುವ ಹೃದಯವಾಗಿರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಬಂದು ಹೋದ 1,700ಕ್ಕೂ ಹೆಚ್ಚು ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರು ತಿಂಗಳೊಳಗೆ ನೂರರಲ್ಲಿ ಹತ್ತು ಮಂದಿಗೆ ನಿಜವಾದ ಲಕ್ವ ಹೊಡೆದಿತ್ತು. ಅವರಲ್ಲಿ ಅರ್ಧದಷ್ಟು ಜನಕ್ಕೆ ಮೊದಲ ಎರಡೇ ದಿನಗಳಲ್ಲಿ! ಸಮಾಧಾನದ ಸಂಗತಿಯೂ ಉಂಟು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಂಥವರನ್ನು ತಡಮಾಡದೆ ಪರೀಕ್ಷಿಸಿ ಅಂದೇ ಔಷಧಿ ಶುರುಮಾಡುವ ಏರ್ಪಾಡು ಮಾಡಿದಾಗ, ನೂರಕ್ಕೆ ಹತ್ತರಷ್ಟಿದ್ದ ಆ ಅಪಾಯ ಎರಡಕ್ಕೆ ಇಳಿಯಿತೆಂದು 2007ರಲ್ಲಿ ತೋರಿಸಿದರು. ಹಾಗೆ ನೋಡಿದರೆ ಸರಿಹೋದ ಕೈಯೇ ಬೇಗ ಆಸ್ಪತ್ರೆಗೆ ಹೋಗಬೇಕಾದ ಕೈ. ಆದರೆ ಹೋಗಲೊಲ್ಲದ್ದೂ ಅದೇ. ನಮ್ಮ ಮಾತು ಇದೊಂದು ವಿಷಯದಲ್ಲಿಯಾದರೂ ಸದಸ್ಯರ ಕಿವಿಗೆ ಬೀಳಲಿ. ಕೊಯ್ಲಿಗೆ ಒಂದು ದಿನ ರಜೆ ಕೊಟ್ಟರೆ ಹಣ್ಣು ಉದುರಿ ಎಷ್ಟು ನಷ್ಟವಾದೀತು?

ಬಂದದ್ದು ಹೋಗದೆ ನಿಂತರೆ, ಅಂದರೆ ನಿಜವಾಗಿ ಲಕ್ವವೇ ಹೊಡೆದರೆ, ಗಡಿಯಾರ ನೋಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಿಂದ ಅದರ ಗುಣ ತಿಳಿಯಿತು. ಮೊದಲು ಮೂರು ಗಂಟೆಯ ಒಳಗೆ ಮಾತ್ರ ಕೊಡುತ್ತಿದ್ದರು, 2008ರ ಇನ್ನೊಂದು ಪ್ರಯೋಗದ ಬಳಿಕ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ನಾಲ್ಕೂವರೆ ಗಂಟೆ ಇದೆಯಲ್ಲ ಎಂದು ಊಟ ಮುಗಿಸಿ ಹೊರಡುವುದಲ್ಲ. ಮೊದಲ ಗಂಟೆಯಲ್ಲಿ ಕೊಟ್ಟ ಮದ್ದಿಗೂ ನಾಲ್ಕನೆಯ ಗಂಟೆಯಲ್ಲಿ ಕೊಟ್ಟದ್ದಕ್ಕೂ ಫಲದಲ್ಲಿ ಬಹಳ ಅಂತರ. ಮದ್ದಿಗೆ ಅಪಾಯವೂ ಇದೆ. ಆ 1995ರ ಪ್ರಯೋಗದಲ್ಲಿ ಮದ್ದು ಪಡೆದ ನೂರು ಜನರಲ್ಲಿ ಆರು ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಹಾಗಿದ್ದೂ ಮೂರು ತಿಂಗಳ ನಂತರ ಹೆಚ್ಚು ಊನವಿಲ್ಲದೆ ಓಡಾಡುತ್ತಿದ್ದವರು ಮದ್ದು ಪಡೆದವರಲ್ಲಿಯೇ ಜಾಸ್ತಿ. ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರಿಂದ ಈಚೆಗೆ ನೆಲೆಯೂರಿದೆ. ಆಯ್ದ ಕೆಲವರಲ್ಲಿ ಅದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ತಿಳಿದುಬಂತು. ಆದ್ದರಿಂದ ತಡವಾಯಿತೆಂದು ಕೈಚೆಲ್ಲಿ ಕೂರುವುದೂ ತಪ್ಪು.

ವೈದ್ಯರು ಮೊದಲು ಕೇಳುವ ಪ್ರಶ್ನೆ, ಇವರು ಸರಿಯಾಗಿ ಇದ್ದುದನ್ನು ಕೊನೆಯ ಸಲ ಯಾರು, ಎಷ್ಟು ಹೊತ್ತಿಗೆ ನೋಡಿದಿರಿ ಎಂಬುದು. ಬಿದ್ದದ್ದನ್ನು ಕಂಡ ವೇಳೆಯಲ್ಲ, ಸರಿಯಿದ್ದುದನ್ನು ಕಂಡ ವೇಳೆ. ತೋಟದಲ್ಲಿ ಒಂಟಿಯಾಗಿ ಬಿದ್ದವರ ವಿಷಯದಲ್ಲಿ, ನಿದ್ದೆಯಲ್ಲಿ ಹೊಡೆತ ತಿಂದವರ ವಿಷಯದಲ್ಲಿ ಇದು ಕಷ್ಟದ ಪ್ರಶ್ನೆ. ಹಾಲು ಕರೆದು ತಂದದ್ದು ಎಷ್ಟಕ್ಕೆ, ಫೋನಿನಲ್ಲಿ ಮಗನ ಹತ್ತಿರ ಮಾತಾಡಿದ್ದು ಎಷ್ಟಕ್ಕೆ ಎಂದು ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಿ. ತೂಕದ ಚೀಟಿಯಲ್ಲಿ ಅರ್ಧ ಕಿಲೋ ವ್ಯತ್ಯಾಸಕ್ಕೆ ನಮ್ಮೊಡನೆ ವಾದಿಸುವ ಸದಸ್ಯರಿಗೆ ಲೆಕ್ಕದ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಕಳೆದ ವರ್ಷದ ಮಳೆಗಾಲದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಅಜ್ಜಿಯ ತುಟಿ ಸೊಟ್ಟಗಾದದ್ದನ್ನು ಕಂಡು, ಗಂಟೆಯನ್ನು ತನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಪಕ್ಕದ ಮನೆಯ ಜೀಪು ಕರೆಸಿದಳು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಆಸ್ಪತ್ರೆ ಸೇರಿದರು, ಮದ್ದು ಸಿಕ್ಕಿತು. ಪವಾಡವೇನೂ ನಡೆಯಲಿಲ್ಲ. ಅಜ್ಜಿ ಕೋಲು ಊರಿ ನಡೆಯುತ್ತಾರೆ, ಎಡಗೈಯಲ್ಲಿ ಮೊದಲಿನ ಬಿಗಿ ಇಲ್ಲ. ಆದರೆ ತಮ್ಮ ಸ್ನಾನ ತಾವು ಮಾಡಿಕೊಳ್ಳುತ್ತಾರೆ, ದೇವರ ದೀಪ ತಾವೇ ಹಚ್ಚುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡ ಮನೆಯವರಿಗೆ ಇದು ಎಷ್ಟು ದೊಡ್ಡದೆಂದು ಗೊತ್ತು.

ಆಸ್ಪತ್ರೆ ಸೇರುವ ತನಕ ಮಾಡಬಾರದ್ದೇ ಹೆಚ್ಚು. ಬಾಯಿಗೆ ಏನನ್ನೂ ಹಾಕಬೇಡಿ, ನೀರು ಕೂಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯದ ನೋವಿಗೆ ಕೇಳಿದ್ದೇವಲ್ಲ ಎಂದು ಆಸ್ಪಿರಿನ್ ನುಂಗಿಸಬೇಡಿ. ಒಳಗಿರುವುದು ಸೋರಿಕೆಯಾಗಿದ್ದರೆ ಅದು ಬೆಂಕಿಗೆ ತುಪ್ಪ ಹೊಯ್ದಂತೆ. ಬಿಪಿ ಏರಿದೆಯೆಂದು ಮನೆಯಲ್ಲಿರುವ ಮಾತ್ರೆಯನ್ನು ನಾಲಿಗೆಯ ಕೆಳಗಿಡುವುದೂ ಬೇಡ. ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ದಾರಿಯಲ್ಲಿ ಇಳಿದು ನಾಟಿ ಮದ್ದು ಹಾಕಿಸುವುದು ಇವೆಲ್ಲ ಮೆದುಳಿನ ನಿಮಿಷಗಳನ್ನು ಕದಿಯುವ ಕೆಲಸಗಳು. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಸಕ್ಕರೆ ಕಾಯಿಲೆಯವರಾದರೆ ಮನೆಯ ಯಂತ್ರದಲ್ಲಿ ಸಕ್ಕರೆ ನೋಡಿ, ತೀರ ಇಳಿದಾಗಲೂ ಲಕ್ವದಂತೆಯೇ ಕಾಣುವುದುಂಟು. ನುಂಗುತ್ತಿರುವ ಮಾತ್ರೆಗಳ ಡಬ್ಬಿಯನ್ನೇ ಕೈಚೀಲಕ್ಕೆ ಹಾಕಿಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ ಅದರಲ್ಲಿದ್ದರೆ ವೈದ್ಯರಿಗೆ ತಿಳಿಯಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ಮೂಲವಾದ ರಕ್ತದ ಒತ್ತಡದ ವಿಚಾರ ಬಿಡುವಂತಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಥೆ ಓದಿದಾಗ ನಮಗೆ ಅಚ್ಚರಿಯಾಗಿತ್ತು. 1944ರ ಮಾರ್ಚಿಯಲ್ಲಿ ಹೃದಯತಜ್ಞರು ಪರೀಕ್ಷಿಸಿದಾಗ ಅವರ ರಕ್ತದೊತ್ತಡ 186/108. ಜಗತ್ತಿನ ಅತಿ ಬಲಿಷ್ಠ ರಾಷ್ಟ್ರದ ಮುಖ್ಯಸ್ಥರಿಗೆ ವೈದ್ಯರು ಕೊಡಬಲ್ಲವರಾಗಿದ್ದುದು ಉಪ್ಪು ಕಡಿಮೆ ಮಾಡಿ ಎಂಬ ಸಲಹೆ, ವಿಶ್ರಾಂತಿ, ಹೃದಯಕ್ಕೆ ಹಳೆಯ ಡಿಜಿಟಾಲಿಸ್ ಮದ್ದು, ಇಷ್ಟೇ. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಚಿತ್ರ ಬರೆಸಿಕೊಳ್ಳಲು ಕುಳಿತಿದ್ದಾಗ ತಲೆಯ ಹಿಂಭಾಗದಲ್ಲಿ ಭಯಂಕರ ನೋವೆಂದು ಹೇಳಿ ಕುಸಿದರು. ಒತ್ತಡ 300ನ್ನು ದಾಟಿತ್ತು, ಮೆದುಳಿನಲ್ಲಿ ರಕ್ತಸ್ರಾವವಾಗಿ ಅದೇ ಮಧ್ಯಾಹ್ನ ತೀರಿಕೊಂಡರು. ಒತ್ತಡವನ್ನು ಸುಲಭವಾಗಿ ಇಳಿಸುವ ಮಾತ್ರೆಗಳು ಬಳಕೆಗೆ ಬಂದದ್ದು 1958ರ ಈಚೆಗೆ. ರೂಸ್‌ವೆಲ್ಟರಿಗೆ ಸಿಕ್ಕದ ಮಾತ್ರೆ ಇಂದು ನಮ್ಮ ಹೋಬಳಿಯ ಔಷಧಿ ಅಂಗಡಿಯಲ್ಲಿ ಅಗ್ಗದ ಬೆಲೆಗೆ ಸಿಕ್ಕುತ್ತದೆ. ನುಂಗುವವರಿಲ್ಲ!

ನುಂಗಲು ಶುರುಮಾಡಿದವರೂ 'ಬಿಪಿ ನಾರ್ಮಲ್ ಬಂತು' ಎಂದು ಬಿಟ್ಟುಬಿಡುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸಿ, ಕೊಳೆ ಕಾಣಲಿಲ್ಲವೆಂದು ಎರಡನೆಯ ಸಲದ ಸಿಂಪಡಣೆಯನ್ನು ಬಿಟ್ಟವರ ತೋಟ ಆಗಸ್ಟಿನಲ್ಲಿ ಹೇಗಿರುತ್ತದೆಂದು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲುಗೊಂಡಿದ್ದ, 2010ರಲ್ಲೊಮ್ಮೆ, ಮತ್ತೆ 32 ದೇಶಗಳಿಗೆ ಹರಡಿ 2016ರಲ್ಲೊಮ್ಮೆ ಪ್ರಕಟವಾದ ದೊಡ್ಡ ಅಧ್ಯಯನವು, ಲಕ್ವಕ್ಕೆ ಕಾರಣವಾಗುವ ಅಪಾಯದ ನೂರಕ್ಕೆ ತೊಂಬತ್ತು ಪಾಲು ನಾವು ಬದಲಿಸಿಕೊಳ್ಳಬಹುದಾದ ಹತ್ತು ಸಂಗತಿಗಳಿಂದಲೇ ಬರುತ್ತದೆಂದು ಕಂಡುಕೊಂಡಿತು. ಅವುಗಳಲ್ಲಿ ಮೊದಲನೆಯದು ರಕ್ತದೊತ್ತಡ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಮದ್ಯ, ಮೈಗೆ ಕೆಲಸವಿಲ್ಲದ ಬಾಳು, ಹೃದಯದ ತೊಂದರೆ ಇವೆಲ್ಲ ಅದರ ಜೊತೆಗಾರರು. 140/90ರ ಗೆರೆ ದಾಟಿದ್ದು ಮತ್ತೆ ಮತ್ತೆ ಕಂಡರೆ ವೈದ್ಯರ ಬಳಿಗೆ ಹೋಗಲೇಬೇಕು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪೆಮಿಡಿ, ಹಪ್ಪಳ, ಬಾಳಕದ ಮೆಣಸಿಲ್ಲದೆ ಮಲೆನಾಡಿನ ಮಳೆಗಾಲವನ್ನು ಕಳೆಯಿರಿ ಎನ್ನುವ ಧೈರ್ಯ ನಮಗಿಲ್ಲ. ಆದರೆ ಉಪ್ಪಿನಕಾಯಿಯ ಹೋಳು ಒಂದೇ ಇರಲಿ.

ಕವಳದ ಮಾತು ಎತ್ತಲು ಅಡಿಕೆ ಸಂಘದ ಪತ್ರಿಕೆಯಲ್ಲಿ ಸಂಕೋಚವಾಗಬಹುದು. ಆದರೂ ಹೇಳುತ್ತೇವೆ. ಕವಳಕ್ಕೆ ಹಾಕುವ ಹೊಗೆಸೊಪ್ಪು ರಕ್ತನಾಳಗಳಿಗೆ ಶತ್ರು. ತಂಬಾಕನ್ನು ಸುಟ್ಟು ಸೇದಿದರೆ ಮಾತ್ರ ಕೇಡು, ಅಗಿದರೆ ಇಲ್ಲ ಎಂಬುದು ಸುಳ್ಳು. ನಮ್ಮ ಇನ್ನೊಂದು ಬೆಳೆಯ ಬಗ್ಗೆ ಅಷ್ಟು ಭಯ ಬೇಡ. ಮಿತವಾದ ಕಾಫಿಯಿಂದ ಲಕ್ವ ಹೆಚ್ಚುವುದಿಲ್ಲ. ಬಿಪಿ ನೋಡಿಸಿಕೊಳ್ಳುವ ಮುಂಚಿನ ಅರ್ಧ ಗಂಟೆ ಮಾತ್ರ ಕುಡಿಯಬಾರದು, ಆ ಹೊತ್ತಿಗೆ ಅದು ಒತ್ತಡವನ್ನು ಕೊಂಚ ಏರಿಸಿ ತೋರಿಸುತ್ತದೆ. ಇನ್ನೊಂದು ಮಾತು. ಯಜಮಾನರ ಬಿಪಿ ಎಷ್ಟೆಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ, ಮನೆಯ ಹೆಂಗಸರದು ಅವರಿಗೇ ಗೊತ್ತಿರುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ನಡುರಾತ್ರಿಯವರೆಗೆ ಕೂರುವವರು ಅವರೇ.

ಹೋಗುವುದು ಎಲ್ಲಿಗೆ ಎಂಬುದನ್ನು ಇಂದೇ ತೀರ್ಮಾನಿಸಿಡಿ. ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆಯೆಂದು ಹೇಳಲಾಗದು. ಸಿ.ಟಿ. ಸ್ಕ್ಯಾನ್ ರಾತ್ರಿಯೂ ನಡೆಯುತ್ತದೆಯೇ, ಹೆಪ್ಪು ಕರಗಿಸುವ ಮದ್ದು ದಾಸ್ತಾನಿದೆಯೇ, ಕೊಡಬಲ್ಲ ವೈದ್ಯರು ಇರುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ಕಡೆಯ ಆಸ್ಪತ್ರೆಗಳಿಗೆ ಫೋನು ಮಾಡಿ ಕೇಳಿ, ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಸ್ಕ್ಯಾನ್ ಇಲ್ಲದ ಕಡೆ ಗ್ಲೂಕೋಸ್ ಹಾಕಿಸಿಕೊಂಡು ಎರಡು ತಾಸು ಕಳೆದವರನ್ನು ನಾವು ಬಲ್ಲೆವು. ಕರಾವಳಿಗೆ ಇಳಿಯುವವರು ಘಾಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯ ಸಂಚಾರ ನಿಂತದ್ದು ಎಲ್ಲರಿಗೂ ನೆನಪಿರಬಹುದು. ಮಳೆಗಾಲಕ್ಕೆ ಬೇರೆ ದಾರಿ, ಬೇರೆ ಆಸ್ಪತ್ರೆ ಗೊತ್ತುಮಾಡಿಟ್ಟಿರಬೇಕು. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿರುವ 108ಕ್ಕೆ ಕರೆಮಾಡಿ. ಬರಲು ತಡವೆಂದರೆ ಇದ್ದ ಜೀಪು ಹೊರಡಲಿ. ಹೊರಟ ಕೂಡಲೇ ಆಸ್ಪತ್ರೆಗೆ 'ಲಕ್ವದ ರೋಗಿಯನ್ನು ಕರೆತರುತ್ತಿದ್ದೇವೆ, ಶುರುವಾದದ್ದು ಇಷ್ಟು ಗಂಟೆಗೆ' ಎಂದು ತಿಳಿಸಿದರೆ ಅಲ್ಲಿ ಸ್ಕ್ಯಾನ್ ಸಿದ್ಧವಿರುತ್ತದೆ. ಯಶಸ್ವಿನಿ, ಆಯುಷ್ಮಾನ್ ಕಾರ್ಡುಗಳು ಬೀರುವಿನ ಯಾವ ಖಾನೆಯಲ್ಲಿವೆ ಎಂಬುದು ಯಜಮಾನರೊಬ್ಬರಿಗೇ ತಿಳಿದಿದ್ದರೆ ಸಾಲದು. ಲಕ್ವ ಹೊಡೆದವರು ಅವರೇ ಆಗಿದ್ದರೆ ಕೇಳುವುದು ಯಾರನ್ನು?

ಸಂಘದ ಕಚೇರಿಯಲ್ಲಿ ಬಿಪಿ ನೋಡುವ ಯಂತ್ರವನ್ನು ತಂದಿರಿಸಿದ್ದೇವೆ. ಡಿಪೋ ತೆರೆದಿರುವ ದಿನಗಳಲ್ಲಿ ಸದಸ್ಯರು, ಅವರ ಮನೆಯವರು, ತೋಟದ ಆಳುಗಳು ಯಾರೇ ಬಂದರೂ ಖರ್ಚಿಲ್ಲದೆ ನೋಡಿ ಚೀಟಿ ಬರೆದುಕೊಡಲಾಗುವುದು. ಚೀಲ ಇಳಿಸಿದ ಕೂಡಲೇ ಕೈ ಚಾಚಬೇಡಿ, ಐದು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕುಳಿತು ಬನ್ನಿ.